ಮಾತಾಡೋದನ್ನ ಕಲಿಯೋಕೆ ಡಿಗ್ರಿ ಬೇಕಾ?

ಪ್ರಶ್ನೆ: ನನಗೆ 19 ವರ್ಷ. ಡಿಗ್ರಿಗೆ ಮಾನವ ಸಂವಹನ, ಅಂದರೆ ಹ್ಯೂಮನ್ ಕಮ್ಯುನಿಕೇಶನ್ ತಗೊಳ್ಳಬೇಕು ಅಂತ ಆಸೆ. ಕಾರಣ ಸ್ವಲ್ಪ ವಿಚಿತ್ರ. ಕಳೆದ ವರ್ಷ ಅಜ್ಜಿಯನ್ನು ನಾಲ್ಕೈದು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಮನೆಯಲ್ಲಿ ವಾರದಿಂದ ತಲೆಸುತ್ತು, ತಲೆಸುತ್ತು ಅನ್ನುತ್ತಿದ್ದವರು ಅಲ್ಲಿ ಮಂಡಿನೋವು ಮಾತ್ರ ಹೇಳಿ ಎದ್ದು ಬಂದರು. ಡಾಕ್ಟರು ಒಳ್ಳೆಯವರೇ. "ಮತ್ತೇನಾದ್ರೂ ಇದೆಯಾ?" ಅಂತ ಕೇಳಿದರು ಕೂಡ. ಅಜ್ಜಿ "ಏನಿಲ್ಲ" ಅಂದರು. ಹೊರಗೆ ಬಂದು "ಹೇಳೋಕಾಗ್ಲಿಲ್ಲ" ಅಂದರು. ಯಾಕಾಗಲಿಲ್ಲ ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಚಿಕ್ಕಪ್ಪ "ಮಾತಾಡೋದನ್ನ ಕಲಿಯೋಕೆ ಯಾರಾದ್ರೂ ಡಿಗ್ರಿ ಮಾಡ್ತಾರಾ?" ಅಂತ ನಗುತ್ತಾರೆ. ಅಪ್ಪನಿಗೆ ಮುಂದೆ ಕೆಲಸ ಸಿಗುತ್ತಾ ಅನ್ನುವ ಚಿಂತೆ. ಕೆಲವರು ಇದು ಜರ್ನಲಿಸಂ ತಾನೇ ಅನ್ನುತ್ತಾರೆ. ಇನ್ನೊಂದು ಕಡೆ ಸಂವಹನದಲ್ಲಿ ಶೇ 93 ದೇಹಭಾಷೆಯೇ ಅಂತ ಓದಿದೆ. ಅದನ್ನೇ ಕಲಿಸುತ್ತಾರಾ? ನನ್ನ ದೊಡ್ಡ ಭಯ ಬೇರೆ. ಹತ್ತು ಜನರ ಮುಂದೆ ನಿಂತರೆ ನನಗೆ ಗಂಟಲು ಒಣಗುತ್ತದೆ. ಈ ವಿಷಯ ನನಗೆ ಆಗಿಬರುತ್ತಾ?

ಉತ್ತರ: ಚಿಕ್ಕಪ್ಪನ ನಗು, ಅಪ್ಪನ ಚಿಂತೆ, ನಿಮ್ಮ ಗಂಟಲು, ಶೇ 93 ಎಲ್ಲಕ್ಕೂ ಬರುತ್ತೇನೆ. ಮೊದಲು ಅಜ್ಜಿಯ ವಿಷಯ. ಯಾಕಂದರೆ ಅವರಿಗೆ ಆಗಿದ್ದನ್ನು ಬೇರೆಯವರು ಕೂತು ಅಳೆದು ನೋಡಿದ್ದಾರೆ.

1984ರಲ್ಲಿ ಹೊವಾರ್ಡ್ ಬೆಕ್‌ಮನ್ ಮತ್ತು ರಿಚರ್ಡ್ ಫ್ರಾಂಕೆಲ್ ಅನ್ನುವ ಇಬ್ಬರು ಅಮೆರಿಕದಲ್ಲಿ ಡಾಕ್ಟರು ಮತ್ತು ರೋಗಿಗಳ 74 ಭೇಟಿಗಳ ರೆಕಾರ್ಡಿಂಗ್ ಕೇಳಿ ಒಂದು ಲೆಕ್ಕ ಪ್ರಕಟಿಸಿದರು. "ಏನು ತೊಂದರೆ, ಹೇಳಿ" ಅಂದ ಮೇಲೆ ರೋಗಿ ತಾನು ಹೇಳಬೇಕಾದ್ದನ್ನು ಪೂರ್ತಿ ಹೇಳಿ ಮುಗಿಸಿದ್ದು ಶೇ 23 ಭೇಟಿಗಳಲ್ಲಿ ಮಾತ್ರ. ಡಾಕ್ಟರು ನಡುವೆ ಬಾಯಿ ಹಾಕಿದ್ದು ಸರಾಸರಿ 18 ಸೆಕೆಂಡಿಗೆ. ಒರಟುತನದಿಂದಲ್ಲ. ರೋಗಿ ಮೊದಲು ಹೇಳಿದ ತೊಂದರೆಯನ್ನು ಹಿಡಿದು ಅದರ ಬಗ್ಗೆಯೇ ಪ್ರಶ್ನೆ ಕೇಳಿದ್ದರು, ಅಷ್ಟೇ. ಆದರೆ ಜನ ಮುಖ್ಯವಾದದ್ದನ್ನೇ ಮೊದಲು ಹೇಳುತ್ತಾರೆ ಅಂತೇನೂ ಇಲ್ಲ. ಮುಜುಗರದ್ದು, ಭಯದ್ದು ಹಿಂದೆ ನಿಂತಿರುತ್ತದೆ. ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ ಅಂತ ಒಂದು ಸಲ ಶುರುವಾದರೆ ಮಾತಿನ ಲಗಾಮು ಪ್ರಶ್ನೆ ಕೇಳುವವರ ಕೈಗೆ ಹೋಗುತ್ತದೆ. ಮಂಡಿಯಿಂದ ಶುರು ಮಾಡಿದವರು ಮಂಡಿಯಲ್ಲೇ ಉಳಿಯುತ್ತಾರೆ.

"ಆದರೆ ಡಾಕ್ಟರು ಕೇಳಿದರಲ್ಲ?" ಅನ್ನುತ್ತೀರಿ. ಹೌದು, ಅದೇ ನನಗೆ ಇಷ್ಟವಾದ ಭಾಗ. 2007ರಲ್ಲಿ ಜಾನ್ ಹೆರಿಟೇಜ್ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. 20 ಡಾಕ್ಟರು, 224 ರೋಗಿಗಳು. ಒಳಗೆ ಹೋಗುವ ಮೊದಲೇ ರೋಗಿಗಳ ಹತ್ತಿರ ತಮ್ಮ ತೊಂದರೆಗಳನ್ನೆಲ್ಲ ಬರೆಸಿಕೊಂಡಿದ್ದರು. ಆಮೇಲೆ ಕೆಲವು ಡಾಕ್ಟರು ಇಂಗ್ಲಿಷಿನಲ್ಲಿ 'ಎನಿಥಿಂಗ್ ಎಲ್ಸ್' ಅಂತ ಕೇಳಿದರು, ಇನ್ನು ಕೆಲವರು 'ಸಮ್‌ಥಿಂಗ್ ಎಲ್ಸ್' ಅಂತ ಕೇಳಿದರು. ವ್ಯತ್ಯಾಸ ಒಂದೇ ಪದ. 'ಎನಿಥಿಂಗ್' ಅಂದ ಕಡೆ, ಏನೂ ಕೇಳದೆ ಇದ್ದದ್ದಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 'ಸಮ್‌ಥಿಂಗ್' ಅಂದ ಕಡೆ, ಹೇಳದೆ ಉಳಿದುಹೋಗುವ ತೊಂದರೆಗಳು ಶೇ 78ರಷ್ಟು ಕಡಿಮೆಯಾದವು. ಭೇಟಿಯ ಸಮಯವೂ ಜಾಸ್ತಿಯಾಗಲಿಲ್ಲ.

ಈಗ ನಿಮ್ಮ ಡಾಕ್ಟರ "ಮತ್ತೇನಾದ್ರೂ ಇದೆಯಾ?" ಅನ್ನುವುದನ್ನು ಬಾಯಲ್ಲಿ ಒಂದು ಸಲ ಹೇಳಿ ನೋಡಿ. ಅದಕ್ಕೆ "ಏನಿಲ್ಲ" ಅನ್ನುವ ಉತ್ತರ ತಾನಾಗಿ ನಾಲಗೆಗೆ ಬರುತ್ತದೆ, ಅಲ್ವಾ? "ಇನ್ನೂ ಏನೋ ಹೇಳ್ಬೇಕು ಅಂತಿದ್ರಿ, ಅಲ್ವಾ?" ಅಂದರೆ ಬಾಗಿಲು ಅರ್ಧ ತೆಗೆದ ಹಾಗೆ. ಇಂಗ್ಲಿಷಿನಲ್ಲಿ ಸಿಕ್ಕ ಫಲಿತಾಂಶವನ್ನು ಹಾಗೇ ಎತ್ತಿ ಕನ್ನಡಕ್ಕೆ ಹಾಕಬಾರದು. ಕನ್ನಡದ ಮಾತುಕತೆಯನ್ನೇ ರೆಕಾರ್ಡ್ ಮಾಡಿ, ಬರೆದು, ಎಣಿಸಿ ನೋಡಬೇಕು. ಈ ಕೆಲಸಕ್ಕೆ ಜನ ಬೇಕು. ನೀವು ಕೇಳಿದ ಡಿಗ್ರಿ, ಸರಿಯಾದ ಕಡೆ ಮಾಡಿದರೆ, ಇಂಥ ಕೆಲಸವನ್ನೇ ಕಲಿಸುತ್ತದೆ.

ಚಿಕ್ಕಪ್ಪನ ಮೇಲೆ ಸಿಟ್ಟು ಬೇಡ. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಮಾತಾಡೋದನ್ನ ಕಲಿಯೋಕೆ ಡಿಗ್ರಿ ಬೇಕಿಲ್ಲ. ಆ ಡಿಗ್ರಿ ಮಾಡಿದ ಎಷ್ಟೋ ಜನ ಮಾತಿನಲ್ಲಿ ನಿಮ್ಮ ಚಿಕ್ಕಪ್ಪನಿಗೆ ಸಾಟಿಯಾಗಲಾರರು, ನನ್ನನ್ನೂ ಸೇರಿಸಿ. ಇಲ್ಲಿ ಕಲಿಯುವುದು ಮಾತನ್ನು ಗಮನಿಸುವುದನ್ನ. ಅದು ಎಷ್ಟು ಸೂಕ್ಷ್ಮದ ಕೆಲಸ ಅಂತ ತೋರಿಸಲು ನಾನು ಮೊದಲ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಮೂರೇ ಸಾಲು ಬರೆಯುತ್ತೇನೆ:

ಅ: ನಾಳೆ ಬರ್ತೀಯಲ್ಲ?
(0.8)
ಬ: ಹ್ಞೂಂ::: ನೋಡೋಣ.

ಬ್ರಾಕೆಟ್ಟಿನಲ್ಲಿ ಇರುವುದು ಮೌನ, ಸೆಕೆಂಡಿನ ಲೆಕ್ಕದಲ್ಲಿ. ಆ ಚುಕ್ಕಿಗಳು ಎಳೆದ ದನಿ. ಹೀಗೆ ಬರೆಯುವ ಪದ್ಧತಿ ಗೇಲ್ ಜೆಫರ್ಸನ್ ಅವರದು. ಬ ಬರುವುದಿಲ್ಲ ಅಂತ ಕ್ಲಾಸಿಗೆ ಕ್ಲಾಸೇ ಹೇಳುತ್ತದೆ. ಎಲ್ಲಿ ಗೊತ್ತಾಯಿತು ಅಂತ ಕೇಳಿದರೆ ಹೆಚ್ಚಿನವರು "ನೋಡೋಣ" ತೋರಿಸುತ್ತಾರೆ. ನಿಜವಾಗಿ ಅದಕ್ಕೂ ಮೊದಲೇ, ಆ 0.8ರಲ್ಲೇ ಗೊತ್ತಾಗಿರುತ್ತದೆ. 2009ರಲ್ಲಿ ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು 10 ಭಾಷೆಗಳಲ್ಲಿ ಹೌದು ಅಥವಾ ಇಲ್ಲ ಅನ್ನುವ ಪ್ರಶ್ನೆಗಳಿಗೆ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಅಂತ ಅಳೆದರು. ಸರಾಸರಿ ಸುಮಾರು 0.2 ಸೆಕೆಂಡ್. ಒಂದು ಚಿತ್ರ ನೋಡಿ ಅದರ ಹೆಸರು ಹೇಳಲು ಸುಮಾರು 0.6 ಸೆಕೆಂಡ್ ಬೇಕು. ಅಂದರೆ ಎದುರಿನವರು ಮುಗಿಸುವ ಮೊದಲೇ ನಮ್ಮ ತಲೆ ಉತ್ತರ ಜೋಡಿಸಲು ಶುರು ಮಾಡಿರುತ್ತದೆ. ಹಾಗಿರುವಾಗ 0.8 ಸೆಕೆಂಡ್ ಅನ್ನುವುದು ದೊಡ್ಡ ಹೊತ್ತು. ಸಿಹಿಸುದ್ದಿ ತಡ ಮಾಡುವುದಿಲ್ಲ.

ಇದನ್ನು ಚಿಕ್ಕಪ್ಪನಿಗೆ ತೋರಿಸಿ. ಒಪ್ಪದಿದ್ದರೂ ಪರವಾಗಿಲ್ಲ.

ಇನ್ನು ಶೇ 93. ಇದರಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆ ಇದೆ. ಪಾಠ ಮಾಡಲು ಸೇರಿದ ಮೊದಲ ವರ್ಷ ಯಾರದ್ದೋ ಸ್ಲೈಡ್ ತಗೊಂಡು, ಪದ ಶೇ 7, ದನಿ ಶೇ 38, ಮುಖ ಶೇ 55, ಕೊನೆಯ ಎರಡು ಸೇರಿದರೆ ಶೇ 93 ಅಂತ ಗಂಭೀರವಾಗಿ ಹೇಳಿಬಿಟ್ಟೆ. ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: "ಯಾವುದರ ಶೇ 93, ಸರ್?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತು ಸಂಜೆ ಲೈಬ್ರರಿಗೆ ಹೋಗಿ ಮೂಲ ಪ್ರಬಂಧ ಹುಡುಕಿ ಓದಿದೆ.

ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಸಹಸಂಶೋಧಕರ ಜೊತೆ ಎರಡು ಪ್ರಯೋಗ ಪ್ರಕಟಿಸಿದ್ದರು. ಅದರಲ್ಲಿ ಭಾಷಣವೂ ಇಲ್ಲ, ಸಂಭಾಷಣೆಯೂ ಇಲ್ಲ. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಹೇಳಿಸಿದ್ದರು. ಒಂದರಲ್ಲಿ 'ಮೇಬಿ' ಅನ್ನುವ ಒಂದೇ ಪದ, ಜೊತೆಗೆ ಮುಖದ ಫೋಟೊಗಳು. ಕೇಳಿದ ಪ್ರಶ್ನೆಯೂ ಒಂದೇ: ಹೇಳುವವರಿಗೆ ಎದುರಿನವರು ಇಷ್ಟವೋ, ಇಲ್ಲವೋ? ಈ ಎರಡರ ಲೆಕ್ಕವನ್ನು ಕೂಡಿಸಿದಾಗ 7, 38, 55 ಬಂತು. ಪದ ಒಂದು ಹೇಳಿ ಮುಖ ಇನ್ನೊಂದು ಹೇಳಿದಾಗ, ಇಷ್ಟಾನಿಷ್ಟದ ವಿಷಯದಲ್ಲಿ ನಾವು ಮುಖವನ್ನು ನಂಬುತ್ತೇವೆ. ಅಷ್ಟೇ ಅದರ ಅರ್ಥ. ಎಲ್ಲ ಮಾತುಕತೆಗೂ ಇದನ್ನು ಹೊಂದಿಸಬೇಡಿ ಅಂತ ಮೆಹ್ರಾಬಿಯನ್ ಅವರೇ ಆಮೇಲೆ ಹೇಳಿದರು. ಅನುಮಾನ ಇದ್ದರೆ "ಮೀಟಿಂಗ್ ನಾಳೆ ನಾಲ್ಕಕ್ಕಲ್ಲ, ನಾಡಿದ್ದು ನಾಲ್ಕೂವರೆಗೆ" ಅನ್ನುವುದನ್ನು ಬಾಯಿ ಬಿಡದೆ ಯಾರಿಗಾದರೂ ತಿಳಿಸಿ ನೋಡಿ.

ಇದರ ತಮ್ಮ ಇನ್ನೊಂದು ಇದೆ: ದೇಹಭಾಷೆ ಓದಲು ಕಲಿತರೆ ಸುಳ್ಳು ಹಿಡಿಯಬಹುದು ಅನ್ನುವುದು. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ, 24,483 ಜನರ ತೀರ್ಪುಗಳನ್ನು ನೋಡಿದರು. ಸುಳ್ಳು ಯಾವುದು, ನಿಜ ಯಾವುದು ಅಂತ ಜನ ಸರಿಯಾಗಿ ಹೇಳಿದ್ದು ಶೇ 54 ಸಲ. ಸುಮ್ನೆ ನಾಣ್ಯ ಚಿಮ್ಮಿದರೂ ಶೇ 50 ಬರುತ್ತದೆ. ಹಾಗಾಗಿ ಯಾವುದಾದರೂ ಕೋರ್ಸು ಸುಳ್ಳು ಹಿಡಿಯುವುದನ್ನು, ಎದುರಿನವರ ಮನಸ್ಸು ಓದುವುದನ್ನು ಕಲಿಸುತ್ತೇವೆ ಅಂತ ಜಾಹೀರಾತು ಕೊಟ್ಟರೆ ದುಡ್ಡು ಕಟ್ಟಬೇಡಿ. ಒಳ್ಳೆಯ ವಿಭಾಗದಲ್ಲಿ ಮೂರು ವರ್ಷ ಕೂತರೆ ನಿಮಗೆ ಅಂಟುವ ಅಭ್ಯಾಸ ಆ ಹುಡುಗಿಯದು: ಯಾವುದರ ಶೇಕಡಾ?

ಜರ್ನಲಿಸಂ ಜೊತೆಗಿನ ಗೊಂದಲಕ್ಕೆ ಕಾರಣ ಇದೆ. ಈ ವಿಷಯಕ್ಕೆ ಇಬ್ಬರು ತಾಯಂದಿರು. ಒಂದು, ಭಾಷಣ ಕಲಿಸುತ್ತಿದ್ದ ಮೇಷ್ಟ್ರುಗಳ ಸಾಲು. ಅಮೆರಿಕದಲ್ಲಿ 1914ರಲ್ಲಿ 17 ಜನ ಭಾಷಣದ ಅಧ್ಯಾಪಕರು ಇಂಗ್ಲಿಷ್ ಅಧ್ಯಾಪಕರ ಸಂಘದಿಂದ ಹೊರಬಂದು ತಮ್ಮದೇ ಸಂಘ ಕಟ್ಟಿದರು. ಅರಿಸ್ಟಾಟಲ್‌ನಿಂದ ಬಂದ ವಾಕ್ಚಾತುರ್ಯದ ಪಾಠ ಅವರ ಆಸ್ತಿ. ಇನ್ನೊಂದು, ಪತ್ರಿಕೆ, ರೇಡಿಯೊ, ಚುನಾವಣೆ ಅಂತ ಹೊರಟವರ ಸಾಲು. ಪಾಲ್ ಲಾಜರ್ಸ್‌ಫೆಲ್ಡ್ 1940ರ ಅಮೆರಿಕದ ಚುನಾವಣೆಯಲ್ಲಿ ಓಹಾಯೊದ ಒಂದು ಕೌಂಟಿಯ ಮತದಾರರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾತಾಡಿಸಿದರು. ರೇಡಿಯೊ, ಪತ್ರಿಕೆಗಿಂತ ಅಕ್ಕಪಕ್ಕದವರ ಮಾತೇ ಜನರನ್ನು ಜಾಸ್ತಿ ಅಲುಗಿಸುತ್ತದೆ ಅಂತ ಅಲ್ಲಿ ಕಂಡುಬಂತು. ಸುದ್ದಿಯ ಬೆನ್ನು ಹತ್ತಿ ಹೋದವರು ಕೊನೆಗೆ ಪಕ್ಕದ ಮನೆಗೆ ಬಂದು ನಿಂತರು, ನೋಡಿ. ನಡುವೆ 1948ರಲ್ಲಿ ಕ್ಲಾಡ್ ಶ್ಯಾನನ್ ಅನ್ನುವ ಟೆಲಿಫೋನ್ ಕಂಪನಿಯ ಗಣಿತಜ್ಞ ಸಂದೇಶ, ಚಾನೆಲ್ (ಅದು ಸಾಗುವ ದಾರಿ), ಗದ್ದಲ (ದಾರಿಯಲ್ಲಿ ಸೇರುವ ಅಡ್ಡಿ) ಅಂತ ಒಂದು ಸಿದ್ಧಾಂತವನ್ನು ಚಿತ್ರ ಸಮೇತ ಕೊಟ್ಟರು. ಸಂದೇಶದ ಅರ್ಥ ಏನು ಅನ್ನುವುದು ನನ್ನ ಇಂಜಿನಿಯರಿಂಗ್ ಲೆಕ್ಕಕ್ಕೆ ಬೇಕಿಲ್ಲ ಅಂತ ಅವರೇ ಸ್ಪಷ್ಟವಾಗಿ ಬರೆದಿದ್ದರೂ ಮೊದಲ ವರ್ಷದ ಎಷ್ಟೋ ಪಾಠಗಳು ಮನುಷ್ಯರ ಮಾತಿಗೆ ಅದೇ ಚಿತ್ರ ಬರೆಸಿ ಮಾರ್ಕು ಕೊಡುತ್ತವೆ. ನನಗೆ ಇವತ್ತಿಗೂ ಅದು ಸರಿ ಕಾಣುವುದಿಲ್ಲ. ನಿಮ್ಮ ಅಜ್ಜಿಗೆ ಚಾನೆಲ್ ಚೆನ್ನಾಗಿಯೇ ಇತ್ತು, ಗದ್ದಲವೂ ಇರಲಿಲ್ಲ.

ಹೀಗಾಗಿ ಸಂವಹನ ಅಂತ ಒಂದೇ ಬೋರ್ಡು ಹಾಕಿಕೊಂಡ ಎರಡು ವಿಭಾಗಗಳು ಬೇರೆ ಬೇರೆಯದನ್ನೇ ಕಲಿಸಬಹುದು. ರಾಬರ್ಟ್ ಕ್ರೇಗ್ 1999ರಲ್ಲಿ ಈ ಕ್ಷೇತ್ರದಲ್ಲಿ ಏಳು ಪರಂಪರೆಗಳಿವೆ, ಅವು ಪರಸ್ಪರ ಮಾತೇ ಆಡುತ್ತಿಲ್ಲ ಅನ್ನುವ ಅರ್ಥದಲ್ಲಿ ಬರೆದರು. ಸಂವಹನದವರೇ ಮಾತು ಬಿಟ್ಟಿದ್ದಾರೆ ಅಂತ ನಾವು ತಮಾಷೆ ಮಾಡುತ್ತಿರುತ್ತೇವೆ. ಮಾತು ತೊದಲುವವರಿಗೆ, ಕಿವಿ ಕೇಳದವರಿಗೆ ಚಿಕಿತ್ಸೆ ಕೊಡುವ ಸ್ಪೀಚ್ ಥೆರಪಿ ಇವೆರಡಕ್ಕೂ ಸೇರದ ಮೂರನೆಯದು. ಅದು ಆರೋಗ್ಯ ವಿಭಾಗದ ಕೋರ್ಸು.

ಹಾಗಾಗಿ ಹೆಸರು ನೋಡಬೇಡಿ, ಸಿಲೆಬಸ್ ನೋಡಿ. ಸಂಶೋಧನಾ ವಿಧಾನ ಅಂತ ಕನಿಷ್ಠ ಎರಡು ಪೇಪರ್ ಇದೆಯಾ? ಸ್ಟ್ಯಾಟಿಸ್ಟಿಕ್ಸ್ ಇದೆಯಾ? ವಿದ್ಯಾರ್ಥಿಗಳ ಕೈಯಲ್ಲಿ ನಿಜವಾದ ಮಾತುಕತೆ ರೆಕಾರ್ಡ್ ಮಾಡಿಸಿ ಬರೆಸುತ್ತಾರಾ? ಅಲ್ಲಿನ ಒಬ್ಬ ಅಧ್ಯಾಪಕರಾದರೂ ಆರೋಗ್ಯ ಸಂವಹನದ ಮೇಲೆ ಅಥವಾ ಸಂಭಾಷಣೆಯ ಮೇಲೆ ಕೆಲಸ ಮಾಡಿದ್ದಾರಾ? ಇವು ಯಾವುವೂ ಇಲ್ಲದೆ ಬರೀ ವ್ಯಕ್ತಿತ್ವ ವಿಕಸನ, ಸಾಫ್ಟ್ ಸ್ಕಿಲ್, ಕ್ಯಾಮೆರಾ ಅಂತ ಇದ್ದರೆ ಅದು ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಜಾಗ ಅಲ್ಲ.

ಸ್ಟ್ಯಾಟಿಸ್ಟಿಕ್ಸ್ ಅಂದ ಕೂಡಲೇ ಹೆದರಬೇಡಿ. ಆದರೆ ಗೊತ್ತಿರಲಿ. ಗಣಿತದಿಂದ ತಪ್ಪಿಸಿಕೊಳ್ಳಲು ಈ ವಿಷಯಕ್ಕೆ ಬಂದವರು ಎರಡನೇ ವರ್ಷದಲ್ಲಿ ಕಂಗಾಲಾಗುವುದನ್ನು ಪ್ರತಿ ಬ್ಯಾಚಿನಲ್ಲೂ ನೋಡುತ್ತೇನೆ. ಕೆಲಸವೂ ನಿಧಾನದ್ದು. ಮೌನ, ಉಸಿರು, ಒಬ್ಬರ ಮೇಲೊಬ್ಬರು ಮಾತಾಡಿದ್ದು ಎಲ್ಲ ಸೇರಿಸಿ ಬರೆಯಲು ಹೊಸಬರಿಗೆ ಒಂದು ನಿಮಿಷದ ರೆಕಾರ್ಡಿಂಗ್‌ಗೆ ಒಂದು ಗಂಟೆ ಹಿಡಿಯುತ್ತದೆ. ಈಗ ಸಾಫ್ಟ್‌ವೇರ್ ಬರೆದುಕೊಡುತ್ತದಲ್ಲ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಬರೆದುಕೊಡುತ್ತದೆ, ನಿಜ. ಆದರೆ ಎಷ್ಟೋ ಸಲ ಆ "ಹ್ಞೂಂ" ಮತ್ತು 0.8 ಸೆಕೆಂಡನ್ನೇ ಕಸ ಅಂತ ಗುಡಿಸಿ ಹಾಕಿರುತ್ತದೆ.

ಈಗ ನಿಮ್ಮ ಗಂಟಲು. ಇದಕ್ಕೆ ಈ ಕ್ಷೇತ್ರದಲ್ಲೇ ಒಂದು ಹೆಸರಿದೆ: ಸಂವಹನದ ಅಳುಕು. ಜೇಮ್ಸ್ ಮೆಕ್‌ಕ್ರಾಸ್ಕಿ 1970ರಿಂದ ಇದರ ಮೇಲೆ ಕೆಲಸ ಮಾಡಿ 24 ಪ್ರಶ್ನೆಗಳ ಒಂದು ಅಳತೆಪಟ್ಟಿ ಮಾಡಿದರು. ಚಿಕ್ಕ ಗುಂಪು, ಮೀಟಿಂಗ್, ಇಬ್ಬರ ನಡುವಿನ ಮಾತು, ವೇದಿಕೆ, ಹೀಗೆ ನಾಲ್ಕು ಸಂದರ್ಭಕ್ಕೆ ಆರಾರು ಪ್ರಶ್ನೆ. ಅಂಕ 24ರಿಂದ 120ರವರೆಗೆ. 80 ದಾಟಿದರೆ ಅಳುಕು ಜಾಸ್ತಿ ಅಂತ ಲೆಕ್ಕ. ಇದರ ಉಪಯೋಗ ಒಟ್ಟು ಅಂಕದಲ್ಲಿಲ್ಲ, ನಾಲ್ಕನ್ನೂ ಬೇರೆ ಬೇರೆ ನೋಡುವುದರಲ್ಲಿದೆ. ವೇದಿಕೆಯಲ್ಲಿ ನಡುಗುವ ಕೆಲವರು ಎದುರು ಕೂತು ಮಾತಾಡುವಾಗ ಆರಾಮಾಗಿರುತ್ತಾರೆ. ನಿಮ್ಮದು ಅದೇ ಜಾತಿ ಇರಬಹುದು. ಅಜ್ಜಿ ನಿಮ್ಮ ಹತ್ತಿರ ತಾನೇ ಹೇಳಿದ್ದು?

ಮಾತುಗಾರರೇ ಈ ವಿಷಯದಲ್ಲಿ ಮುಂದೆ ಬರುತ್ತಾರೆ ಅನ್ನುವುದು ನಾನು ಕಂಡ ಹಾಗೆ ನಿಜ ಅಲ್ಲ. ಬರೆಯಲು ಕೂರಿಸಿದಾಗ ಮಾತುಗಾರರು ರೆಕಾರ್ಡಿಂಗ್‌ನಲ್ಲಿ ಇರುವುದನ್ನು ಬಿಟ್ಟು, ತಾವಾಗಿದ್ದರೆ ಏನು ಹೇಳುತ್ತಿದ್ದರೋ ಅದನ್ನು ಬರೆದಿರುತ್ತಾರೆ. ಹಾಗಂತ ಸುಮ್ಮನಿರುವವರೆಲ್ಲ ಒಳ್ಳೆಯ ಕೇಳುಗರು ಅಂತಲೂ ಅಲ್ಲ. ಕೆಲವರು ತಮ್ಮ ಭಯದಲ್ಲೇ ಮುಳುಗಿ ಏನೂ ಕೇಳಿಸಿಕೊಂಡಿರುವುದಿಲ್ಲ. ಒಂದಂತೂ ಖಚಿತ. ಭಾಷಣದ ಪೇಪರ್ ಇದ್ದೇ ಇರುತ್ತದೆ, ಸೆಮಿನಾರ್ ತಪ್ಪುವುದಿಲ್ಲ. ಮೂರು ಜನರ ಮುಂದೆ, ಆಮೇಲೆ ಎಂಟು, ಆಮೇಲೆ ಇಡೀ ಕ್ಲಾಸು ಅಂತ ಮೆಲ್ಲಗೆ ಏರಿಸುವ ಅಧ್ಯಾಪಕರು ಸಿಕ್ಕರೆ ಅಳುಕು ಇಳಿಯುತ್ತದೆ. ಮೊದಲ ದಿನವೇ ನೀರಿಗೆ ತಳ್ಳುವವರು ಸಿಕ್ಕರೆ ಕೆಲವರಿಗೆ ಜಾಸ್ತಿಯಾಗುತ್ತದೆ. ಸೇರುವ ಮೊದಲು ಹೋಗಿ ಇದನ್ನೇ ನೇರವಾಗಿ ಕೇಳಿ. ನಿದ್ದೆ ಕೆಡುವಷ್ಟು, ಕ್ಲಾಸು ತಪ್ಪಿಸುವಷ್ಟು ಭಯ ಇದ್ದರೆ ಅದಕ್ಕೆ ಆಪ್ತಸಮಾಲೋಚಕರನ್ನು ನೋಡಬೇಕು. ಡಿಗ್ರಿ ಅದಕ್ಕೆ ಔಷಧಿ ಅಲ್ಲ.

ಅಪ್ಪನ ಚಿಂತೆಯನ್ನು ತಳ್ಳಿಹಾಕಲಾರೆ. ಡಾಕ್ಟರಿಗೆ, ವಕೀಲರಿಗೆ ಇರುವ ಹಾಗೆ ಈ ಡಿಗ್ರಿಗೆ ಲೈಸೆನ್ಸ್ ಇಲ್ಲ. 'ಸಂವಹನ ತಜ್ಞರು ಬೇಕು' ಅಂತ ಪೇಪರಿನಲ್ಲಿ ಬಂದ ಹುದ್ದೆಗೆ ಬೇರೆ ಡಿಗ್ರಿಯವರೂ ಅರ್ಜಿ ಹಾಕುತ್ತಾರೆ, ಸಿಗುತ್ತದೆ ಕೂಡ. ನನ್ನ ವಿದ್ಯಾರ್ಥಿಗಳಲ್ಲಿ ನೆಲೆ ಕಂಡವರು ಬಹುತೇಕ ಸಂವಹನದ ಜೊತೆ ಇನ್ನೊಂದನ್ನು ಹಿಡಿದವರು. ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಮಾಹಿತಿ ಬರೆಯುವವರು, ಕಂಪನಿಗಳಲ್ಲಿ ಬಳಕೆದಾರರನ್ನು ಮಾತಾಡಿಸಿ ವರದಿ ಕೊಡುವವರು, ತರಬೇತಿ ಕೊಡುವವರು. ಜೊತೆಗೆ ಏನನ್ನೂ ಹಿಡಿಯದೆ "ನನಗೆ ಕಮ್ಯುನಿಕೇಶನ್ ಚೆನ್ನಾಗಿದೆ" ಅಂತ ಹೊರಟವರು ಎರಡು ಮೂರು ವರ್ಷ ಒದ್ದಾಡಿದರು.

ನಿಮ್ಮ ಮುಂದೆ ಎರಡು ದಾರಿ ಕಾಣುತ್ತದೆ. ಪೂರ್ತಿ ಸಂವಹನವನ್ನೇ ತಗೊಂಡು ಜೊತೆಗೆ ಆರೋಗ್ಯ, ಮನಶ್ಶಾಸ್ತ್ರ, ಭಾಷಾಶಾಸ್ತ್ರ ಇಂಥ ಒಂದನ್ನು ಕಟ್ಟಿಕೊಳ್ಳುವುದು. ಇಲ್ಲಿ ಅಪಾಯ ಅಂದರೆ ವಿಭಾಗ ಸರಿ ಇಲ್ಲದಿದ್ದರೆ ಮೂರ್ನಾಲ್ಕು ವರ್ಷ ಕೈಬಿಡುತ್ತದೆ. ಇನ್ನೊಂದು, ನರ್ಸಿಂಗ್, ಮನಶ್ಶಾಸ್ತ್ರ, ಸಮಾಜಶಾಸ್ತ್ರ ಇಂಥ ಡಿಗ್ರಿ ಮಾಡಿ ಎಂಎಗೆ ಸಂವಹನಕ್ಕೆ ಬರುವುದು. ಬೇರೆ ವಿಷಯದವರನ್ನು ಎಂಎಗೆ ತಗೊಳ್ಳುವ ವಿಭಾಗಗಳು ಬಹಳ ಇವೆ. ಇಲ್ಲಿ ಅಪಾಯ ಚಿಕ್ಕದು, ಆದರೆ ನಡುವೆ ಆಸೆ ತಣ್ಣಗಾಗಬಹುದು. ಸಿಲೆಬಸ್ ನಾನು ಹೇಳಿದ ಹಾಗಿದ್ದರೆ ಮೊದಲನೆಯದಕ್ಕೆ ನನ್ನ ಓಟು. ಇಲ್ಲದಿದ್ದರೆ ಯೋಚಿಸದೆ ಎರಡನೆಯದು. ಪಿಎಚ್‌ಡಿ, ಪಾಠದ ಕೆಲಸ ಅಂತ ಈಗಲೇ ಲೆಕ್ಕ ಹಾಕಬೇಡಿ. ಆ ಬಾಗಿಲು ಕಿರಿದು.

ಅಷ್ಟರೊಳಗೆ ಎರಡು ಕೆಲಸ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅಜ್ಜಿಯ ಬಾಯಿಂದಲೇ ಕೇಳಿ ತೊಂದರೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೂತ ಕೂಡಲೇ "ಮೂರು ವಿಷಯ ಇದೆ, ತಲೆಸುತ್ತು ಮೊದಲು" ಅಂತ ಶುರು ಮಾಡಿಸಿ. ಆ ತಲೆಸುತ್ತು ಇನ್ನೂ ಇದ್ದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ.

ಎರಡನೆಯದು ನಿಮಗೆ. ಮನೆಯವರ ಐದು ನಿಮಿಷದ ಮಾತುಕತೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಅದರಲ್ಲಿ ಒಂದೇ ಒಂದು ನಿಮಿಷವನ್ನು ಮೌನ, ಎಳೆತ, ನಡುವೆ ಬಾಯಿ ಹಾಕಿದ್ದು ಎಲ್ಲ ಬಿಡದೆ ಬರೆಯಿರಿ. ಒಂದು ಗಂಟೆಯಾದ ಮೇಲೆ ಎದ್ದು ಹೋಗೋಣ ಅನ್ನಿಸುತ್ತದಾ, ಇಲ್ಲ ಎರಡನೇ ನಿಮಿಷವನ್ನೂ ನೋಡೋಣ ಅನ್ನಿಸುತ್ತದಾ ಅಂತ ನೋಡಿಕೊಳ್ಳಿ. ಚಿಕ್ಕಪ್ಪನನ್ನೇ ಮಾತಿಗೆ ಕೂರಿಸಬಹುದು. ರೆಕಾರ್ಡ್ ಮಾಡುವ ಮೊದಲು ಅವರ ಒಪ್ಪಿಗೆ ಕೇಳಿ. ಉತ್ತರ ಬರಲು ಎಷ್ಟು ಹೊತ್ತಾಯಿತು ಅನ್ನುವುದನ್ನೂ ಬರೆದುಕೊಳ್ಳಿ.